ಈ ಸಂಕ್ರಾಂತಿಗೆ ವಾಣ ಏನು ಕೊಡುತ್ತೀರಿ?

ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಊರು ಶಿರಸಿ ಕಡೆ. ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಳೇ ಚಾಳಿನ ಕೆಳಗಿನ ಖೋಲಿಯಲ್ಲಿ ನನ್ನ ಹೊಲಿಗೆ ಮಷೀನು ಇದೆ. ಬ್ಲೌಸು, ಫಾಲು, ಪೀಕೋ, ಆಗಾಗ ಮಕ್ಕಳ ಲಂಗ. ಗಿರಾಕಿಗಳಲ್ಲಿ ಅರ್ಧ ಕನ್ನಡದವರು, ಅರ್ಧ ಮರಾಠಿಯವರು. ಜನವರಿ ಬಂತೆಂದರೆ ಎಲ್ಲರಿಗೂ ಒಂದೇ ಚಿಂತೆ. ಅರಿಶಿನ-ಕುಂಕುಮಕ್ಕೆ ಈ ಸಲ ವಾಣ ಏನು?

ಊರಲ್ಲಿರುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆ ಮನೆಯಲ್ಲಿ ಹಳದಿ-ಕುಂಕು. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಟ್ಟು, ಎಳ್ಳುಂಡೆ ಕೈಗಿಟ್ಟು, ಜೊತೆಗೊಂದು ಸಣ್ಣ ವಸ್ತು ಕೊಡಬೇಕು. ಅದೇ ವಾಣ. ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬ, ಸೋಪಿನ ಪೆಟ್ಟಿಗೆ. ನಮ್ಮ ಅಟ್ಟದ ಮೇಲೆ ಇಂಥ ಡಬ್ಬಗಳೇ ಮೂವತ್ತು ಇವೆ. ಮುಚ್ಚಳ ಸರಿಯಾಗಿ ಕೂರುವುದು ನಾಲ್ಕಕ್ಕೆ.

ಐದು ವರ್ಷದಿಂದ ನಾನು ಡಬ್ಬ ಕೊಡುವುದನ್ನು ಬಿಟ್ಟಿದ್ದೇನೆ. ಅದೇ ದುಡ್ಡಿಗೆ ಕ್ಯಾನ್ಸರ್ ರೋಗಿಗಳ ಕೈಯಿಂದ ಬಂದ ಒಂದು ವಸ್ತು ತರುತ್ತೇನೆ. ಅದನ್ನು ನಾನೇ ಹೊಲಿದ ಬಟವೆಯಲ್ಲಿ ಹಾಕುತ್ತೇನೆ. ಒಳಗೊಂದು ಚೀಟಿ ಇಡುತ್ತೇನೆ. ಇಷ್ಟೇ. ಆದರೆ ಇಷ್ಟನ್ನು ಸರಿ ಮಾಡುವುದಕ್ಕೆ ಮೂರು ವರ್ಷ ಹಿಡಿಯಿತು. ಹೇಗೆ ಮಾಡುವುದು ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ.

ಮೊದಲು ಬಾಟಲಿಯ ಕತೆ ಹೇಳಬೇಕು. ಭಾವನವರ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ಅವಳ ಬ್ಲೌಸೆಲ್ಲ ನನ್ನದೇ ಹೊಲಿಗೆ. ಒಂದು ಸಲ ಅಳತೆ ತೆಗೆಯುವಾಗ "ಎಡಗಡೆ ಸ್ವಲ್ಪ ಸಡಿಲ ಬಿಡೇ" ಎಂದಳು. ಅರ್ಧ ಇಂಚು ಬಿಟ್ಟೆ. ಮುಂದಿನ ಬ್ಲೌಸಿಗೂ ಅದೇ ಮಾತು. ಆಗಲೂ ಕೇಳಲಿಲ್ಲ, ಬಿಟ್ಟೆ. ಎಂಟು ತಿಂಗಳ ಮೇಲೆ ಗೊತ್ತಾಯಿತು, ಎಡಗಡೆ ಗಂಟಿತ್ತು. ನೋವಿರಲಿಲ್ಲ. "ನೋಯದೇ ಇದ್ದದ್ದು ಎಂತ ಮಾಡ್ತದೆ ಅಂದ್ಕೊಂಡೆ" ಎಂದಳು. ಆ ಎಂಟು ತಿಂಗಳೂ ಅವಳ ಅಡುಗೆಮನೆ ಕಟ್ಟೆಯ ಮೇಲೆ ಗುಲಾಬಿ ರಿಬ್ಬನ್ ಚಿತ್ರದ ನೀರಿನ ಬಾಟಲಿ ಇತ್ತು. ಮಗಳು ಮಾಲ್‌ನಿಂದ ತಂದದ್ದು. ಸ್ತನ ಕ್ಯಾನ್ಸರ್ ಜಾಗೃತಿಗೆ ಅಂತ ಮಾರಿದ್ದು. ದಿನಾ ಅದರಲ್ಲೇ ನೀರು ಕುಡಿದಿದ್ದಾಳೆ. ರಿಬ್ಬನ್ ಯಾವುದರ ಗುರುತು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಚಂದದ ಬಾಟಲಿ, ಅಷ್ಟೇ.

ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಅಕ್ಕ ಈಗ ಆರಾಮಿದ್ದಾಳೆ. ನಾನು ಮಾತ್ರ ಆ ಬಾಟಲಿಯನ್ನು ಮರೆತಿಲ್ಲ.

ಗುಲಾಬಿ ಬಣ್ಣ ಕಂಡರೆ ನಾಲ್ಕು ಪ್ರಶ್ನೆ

ಅಕ್ಕನ ಮಗಳು ಆಮೇಲೆ ಆ ಕಂಪನಿಗೆ ಈಮೇಲ್ ಬರೆದಳು. ಬಾಟಲಿ ಮೇಲೆ "ಲಾಭದ ಒಂದು ಭಾಗ ಕ್ಯಾನ್ಸರ್ ಸಂಸ್ಥೆಗೆ" ಅಂತ ಇದೆಯಲ್ಲ, ಎಷ್ಟು ಭಾಗ, ಯಾವ ಸಂಸ್ಥೆ ಅಂತ. ಮೂರು ವಾರ ಕಳೆದ ಮೇಲೆ ಉತ್ತರ ಬಂತು. ನಿಮ್ಮ ಕಾಳಜಿಗೆ ಧನ್ಯವಾದ, ಈ ಕೋಡ್ ಹಾಕಿದರೆ ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ರಿಯಾಯಿತಿ. ಎಷ್ಟು, ಯಾರಿಗೆ ಅನ್ನುವುದು ಇರಲೇ ಇಲ್ಲ.

ಹಾಗಾಗಿ ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಅಂತ ಅಕ್ಟೋಬರ್‌ನಲ್ಲಿ ಅಂಗಡಿ ತುಂಬ ಗುಲಾಬಿ ವಸ್ತು ಬಂದಾಗ ನಾನು ನಾಲ್ಕು ಕೇಳುತ್ತೇನೆ. ಒಂದು ವಸ್ತುವಿಗೆ ಎಷ್ಟು ರೂಪಾಯಿ ಹೋಗುತ್ತದೆ? ಯಾವ ಸಂಸ್ಥೆಗೆ, ಹೆಸರು ಹೇಳಿ. ಇಂತಿಷ್ಟು ಲಕ್ಷ ಆದ ಮೇಲೆ ಕೊಡುವುದು ನಿಲ್ಲಿಸುತ್ತೀರಾ? ಯಾವ ತಾರೀಖಿನವರೆಗೆ? ಉತ್ತರ ಡಬ್ಬದ ಮೇಲೇ ಬರೆದಿದ್ದರೆ ಒಳ್ಳೆಯದು. "ಒಂದು ಭಾಗ" ಅಂತ ಮಾತ್ರ ಇದ್ದರೆ ನಾನು ವಾಪಸ್ ಇಡುತ್ತೇನೆ. ಬಾಟಲಿ ಬೇಕಿದ್ದರೆ ಬಾಟಲಿ ಅಂತಲೇ ಕೊಳ್ಳಿ, ದಾನ ಮಾಡಿದೆ ಅಂತ ತಿಳಿಯಬೇಡಿ. ಈ ರಿಬ್ಬನ್ 1992ರಲ್ಲಿ ಅಮೆರಿಕದ ಒಂದು ಪತ್ರಿಕೆ ಮತ್ತು ಸೌಂದರ್ಯವರ್ಧಕ ಕಂಪನಿ ಸೇರಿ ಹಂಚಿದ್ದರಿಂದ ಲೋಕಕ್ಕೆಲ್ಲ ಪರಿಚಯವಾದದ್ದು. ಬೆಳೆದದ್ದೇ ಅಂಗಡಿ ಕಟ್ಟೆಯ ಮೇಲೆ ಅನ್ನಿ.

ಇನ್ನೊಂದು ಎಚ್ಚರಿಕೆ, ಇದು ಇನ್ನೂ ಮುಖ್ಯ. ವಾಣದ ಜೊತೆ ಕೊಡಿ ಅಂತ ಯಾರಾದರೂ "ಕ್ಯಾನ್ಸರ್ ವಾಸಿ ಮಾಡುವ" ಪುಡಿ, ರಸ, ಎಲೆ ತಂದುಕೊಟ್ಟರೆ ಮುಟ್ಟಬೇಡಿ. ನನ್ನ ಹತ್ತಿರ ಒಬ್ಬರು ಲಕ್ಷ್ಮಣ ಫಲದ ಎಲೆ ಪ್ಯಾಕೆಟ್ ಹಿಡಿದುಕೊಂಡೇ ಬಂದಿದ್ದರು. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಕೊಡುವುದು 1954ರ ಕಾನೂನಿನಿಂದಲೇ ತಪ್ಪು. ಅಂಥ ಪುಡಿ ನಂಬಿ ಆಸ್ಪತ್ರೆ ಬಿಟ್ಟವರನ್ನು ನೋಡಿದ್ದೇನೆ.

ವಸ್ತು ಎಲ್ಲಿಂದ

ಮುಂಬೈಯಲ್ಲಿ ಇದ್ದು ಇದಕ್ಕೆ ಅಲೆಯಬೇಕಾಗಿಲ್ಲ. ಮಹಾಲಕ್ಷ್ಮಿಯಲ್ಲಿ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಇದೆ. 1969ರಿಂದ ಇರುವ ಸಂಸ್ಥೆ. ಅವರ ಪುನರ್ವಸತಿ ಕೇಂದ್ರದಲ್ಲಿ ರೋಗಿಗಳು ಮತ್ತು ಅವರ ಮನೆಯವರು ಕೂತು ಹಣತೆ, ಚೀಲ ಇಂಥವನ್ನು ಮಾಡುತ್ತಾರೆ. ಚಿಕಿತ್ಸೆಗೆಂದು ಕೆಲಸ ಬಿಟ್ಟವರಿಗೆ ಅದೇ ಒಂದು ದುಡಿಮೆ. ಡೊಂಬಿವಲಿಯಿಂದ ದಾದರ್‌ಗೆ ಹೋಗಿ, ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನ್ ಹಿಡಿದರೆ ಮಹಾಲಕ್ಷ್ಮಿ. ಹೋಗುವ ಮೊದಲು ಫೋನ್ ಮಾಡಿ ಏನಿದೆ, ಎಷ್ಟಿದೆ ಅಂತ ಕೇಳಿಕೊಳ್ಳಿ. ನಲವತ್ತು ಒಂದೇ ಥರದ ವಸ್ತು ಕಪಾಟಿನಲ್ಲಿ ಕಾದು ಕೂತಿರುವುದಿಲ್ಲ. ಕೈಯಿಂದ ಮಾಡುವವರು ರೋಗಿಗಳು, ನಡುವೆ ಕೀಮೋ ದಿನ ಬರುತ್ತದೆ. ದೀಪಾವಳಿ ಮುಗಿದ ಕೂಡಲೇ ಹೇಳಿಟ್ಟರೆ ಸಂಕ್ರಾಂತಿಗೆ ಸಿಗುತ್ತದೆ.

ಹಣತೆ ಮಾಡಿಸುವ ಸಂಸ್ಥೆ ಅಂತ ಹಗುರ ಮಾಡಬೇಡಿ. ರಕ್ತದ ಕ್ಯಾನ್ಸರಿನ ಗ್ಲೀವೆಕ್ ಮಾತ್ರೆಯ ಪೇಟೆಂಟ್ ವಿರುದ್ಧ ಸುಪ್ರೀಂ ಕೋರ್ಟ್ ತನಕ ಹೋದವರಲ್ಲಿ ಇವರೂ ಇದ್ದರು. 2013ರ ಏಪ್ರಿಲ್ 1ರಂದು ಕಂಪನಿಗೆ ಪೇಟೆಂಟ್ ಸಿಗದು ಅಂತ ತೀರ್ಪು ಬಂತು. ಬೇರೆ ಕಂಪನಿಗಳ ಕಡಿಮೆ ಬೆಲೆಯ ಮಾತ್ರೆ ಉಳಿಯಿತು.

ವಸ್ತು ಬೇಡ, ದುಡ್ಡೇ ಕೊಡುತ್ತೇನೆ ಅನ್ನುವವರಿಗೆ ದಾರಿ ಬೇರೆ. ಚಿಕಿತ್ಸೆಗೆ ಬರುವ ಮಕ್ಕಳನ್ನು ಅಪ್ಪ-ಅಮ್ಮನ ಜೊತೆ ಉಚಿತವಾಗಿ ಇರಿಸಿಕೊಳ್ಳುವ ಸೇಂಟ್ ಜೂಡ್ ಕೇಂದ್ರಗಳಿವೆ, 2006ರಲ್ಲಿ ಮುಂಬೈಯಲ್ಲೇ ಶುರುವಾದವು. ದಾದರ್‌ನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ, ಪರೇಲ್‌ನ ಟಾಟಾ ಆಸ್ಪತ್ರೆಗೆ ಬಂದವರು ಅಲ್ಲಿ ಉಳಿಯುತ್ತಾರೆ. ನಮ್ಮ ಕಡೆಯಿಂದ ಬಂದವರೂ ಎಷ್ಟೋ ಮಂದಿ. ತೆರಿಗೆ ಲೆಕ್ಕ ಕೇಳುವವರಿಗೆ: ವಸ್ತು ಕೊಂಡರೆ ಅದು ಖರೀದಿ, ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೇಣಿಗೆ ಕೊಟ್ಟರೆ ಸಿಗುತ್ತದೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ, ನಗದಾದರೆ 2,000 ರೂಪಾಯಿಯವರೆಗೆ ಮಾತ್ರ. ರಸೀದಿ ಕೇಳಿ ಪಡೆಯಿರಿ.

ನನ್ನ ಬಟವೆಗೆ ಖರ್ಚಿಲ್ಲ. ಬ್ಲೌಸ್ ಪೀಸಿನಲ್ಲಿ ಉಳಿದ ತುಂಡು, ಗಿರಾಕಿ ಬೇಡ ಅಂದದ್ದು. ಎಂಟು ಇಂಚಿಗೆ ಆರು ಇಂಚು, ಮೇಲೆ ದಾರ ಎಳೆಯುವ ಪಟ್ಟಿ. ಖಣದ ತುಂಡು ಸಿಕ್ಕಿದರಂತೂ ಮರಾಠಿ ಹೆಂಗಸರು ಎರಡು ಕೇಳುತ್ತಾರೆ. ಒಟ್ಟು ಲೆಕ್ಕ ಹಾಕಿದರೆ ಒಂದು ವಾಣಕ್ಕೆ ಎಪ್ಪತ್ತು ರೂಪಾಯಿ ಸುಮಾರು ಬೀಳುತ್ತದೆ. ಡಬ್ಬಕ್ಕೂ ಅಷ್ಟೇ ಆಗುತ್ತಿತ್ತು.

ಚೀಟಿ

ವಸ್ತು ಏನೇ ಇರಲಿ, ಕೆಲಸ ಮಾಡುವುದು ಚೀಟಿ. ನನ್ನ ಮೂರು ವರ್ಷ ಹೋದದ್ದೂ ಇದರಲ್ಲೇ.

ಮೊದಲ ವರ್ಷ ಪ್ರಿಂಟಿಂಗ್ ಅಂಗಡಿಗೆ ಕನ್ನಡದಲ್ಲಿ ಟೈಪ್ ಮಾಡಿದ ಫೈಲ್ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಬಂದು "ಸ್ತನ" ಅನ್ನುವುದು ಏನೋ ಗಣಿತದ ಲೆಕ್ಕದಂತೆ ಕಾಣುತ್ತಿತ್ತು. ನೂರು ಚೀಟಿ ಹಾಳು. ಪಿಡಿಎಫ್ ಮಾಡಿಯೇ ಕೊಡಿ, ಒಂದು ಪ್ರತಿ ಮೊದಲು ತೆಗೆಸಿ ಕಣ್ಣಲ್ಲಿ ನೋಡಿ.

ಎರಡನೇ ವರ್ಷ ಅಕ್ಷರ ಸರಿ ಬಂತು, ಆದರೆ ಹದಿನಾರು ಸಾಲು ಬರೆದಿದ್ದೆ. ಕಾರಣ, ಲಕ್ಷಣ, ಆಹಾರ, ಯೋಗ, ಎಲ್ಲ. ಒಂದು ತಿಂಗಳ ಮೇಲೆ ಒಬ್ಬ ಗಿರಾಕಿ ಮನೆಗೆ ಹೋದಾಗ ನೋಡುತ್ತೇನೆ, ನನ್ನ ಚೀಟಿ ನಾಲ್ಕು ಮಡಿಕೆಯಾಗಿ ಅಲ್ಲಾಡುವ ಮೇಜಿನ ಕಾಲಿನಡಿ ಇದೆ. ಆ ಮೇಜಂತೂ ಗಟ್ಟಿಯಾಗಿ ನಿಂತಿತ್ತು.

ಈಗಿನದು ಬ್ಲೌಸಿನ ಹುಕ್ಸ್ ಕಾರ್ಡಿನಷ್ಟು ದೊಡ್ಡದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಕನ್ನಡದ ಬದಿ ಹೀಗಿದೆ:

"ಎದೆಯಲ್ಲಿ, ಕಂಕುಳಲ್ಲಿ ಗಂಟು. ಚರ್ಮ ಒಳಗೆ ಎಳೆದಂತೆ ಗುಳಿ. ತೊಟ್ಟು ಹೊಸದಾಗಿ ಒಳಗೆ ಹೋಗುವುದು, ರಕ್ತ ಒಸರುವುದು. ನೋವಿಲ್ಲದಿದ್ದರೂ ತೋರಿಸಿ. ಹೆಚ್ಚಿನ ಗಂಟು ಕ್ಯಾನ್ಸರ್ ಅಲ್ಲ, ಅದನ್ನು ಡಾಕ್ಟರೇ ಹೇಳಲಿ."

ಅದರ ಕೆಳಗೆ ಒಂದೇ ಒಂದು ಜಾಗದ ಹೆಸರು. ಹತ್ತಿರದ ಮುನಿಸಿಪಾಲಿಟಿ ಆಸ್ಪತ್ರೆ, ಓಪಿಡಿ (ಹೊರರೋಗಿಗಳನ್ನು ನೋಡುವ ವಿಭಾಗ) ಯಾವ ವಾರ, ಎಷ್ಟು ಗಂಟೆಗೆ. ಇದನ್ನು ನಾನೇ ಹೋಗಿ ಕೇಳಿ ಬರೆದುಕೊಂಡೆ. ನೀವೂ ಹೋಗಿ ಕೇಳಿಯೇ ಬರೆಯಿರಿ, ಫೋನಿನಲ್ಲಿ ಹೇಳಿದ ದಿನ ಬೇರೆ, ಬಾಗಿಲಲ್ಲಿ ಅಂಟಿಸಿದ ದಿನ ಬೇರೆ ಆಗುವುದುಂಟು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿ, ಮೂರರ ತಪಾಸಣೆಯೂ ಇದೆ. ಇದು ನನ್ನ ಗಿರಾಕಿಗಳಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಶಬ್ದದ ಬಗ್ಗೆ ಒಂದು ಮಾತು. "ಸ್ತನ" ಅಂತ ಬರೆದರೆ ನಮ್ಮ ಹೆಂಗಸರು ಚೀಟಿ ಮಡಚಿ ಸೆರಗಿನೊಳಗೆ ಸೇರಿಸುತ್ತಾರೆ, ಓದುವುದಿಲ್ಲ. ಅವರು ಆಡುವ ಮಾತು "ಗಂಟು". ಮರಾಠಿಯವರಿಗೆ "ಗಾಠ್". ಬಾಯಲ್ಲಿರುವ ಶಬ್ದವೇ ಚೀಟಿಯಲ್ಲೂ ಇರಲಿ.

ಕೊಡುವಾಗ

ಭಾಷಣ ಮಾಡಬೇಡಿ. ಎಳ್ಳುಂಡೆ ಬಾಯಲ್ಲಿರುವಾಗ ಕ್ಯಾನ್ಸರ್ ಭಾಷಣ ಯಾರಿಗೆ ಬೇಕು? ನಾನು ವಜ್ರದ ಕತೆ ಹೇಳುತ್ತೇನೆ. ಮೆಹರ್‌ಬಾಯಿ ಟಾಟಾ ಅವರ ಹತ್ತಿರ ಜುಬಿಲಿ ಅನ್ನುವ ವಜ್ರ ಇತ್ತು, ಸುಮಾರು 245 ಕ್ಯಾರೆಟ್, ಕೊಹಿನೂರಿಗಿಂತ ದೊಡ್ಡದು. 1931ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ಹೋದರು. ಮರುವರ್ಷ ಗಂಡ ದೊರಾಬ್ಜಿಯವರೂ ಹೋದರು. ವಜ್ರ ಮಾರಿದ ದುಡ್ಡು ದೊರಾಬ್ಜಿಯವರ ಟ್ರಸ್ಟಿಗೆ ಬಂತು. ಅದೇ ಟ್ರಸ್ಟ್ 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಆಭರಣದ ಕತೆ ಅಂದರೆ ಎಲ್ಲರ ಕಿವಿ ಇತ್ತ ತಿರುಗುತ್ತದೆ. "ಎಷ್ಟು ದೊಡ್ಡದಿತ್ತಂತೆ?" ಅಂತ ಕೇಳುತ್ತಾರೆ. ಆಮೇಲೆ "ಚೀಟಿ ಒಂದು ಸಲ ಓದಿ" ಅಂದರೆ ಸಾಕು.

ಅದೇ ಆಸ್ಪತ್ರೆಯವರು ಮುಂಬೈಯ ಬಡವರ ಬಸ್ತಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ಒಂದು ಅಧ್ಯಯನ ಮಾಡಿದರು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಇಲ್ಲ, ದೊಡ್ಡ ಯಂತ್ರ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಗಂಟುಗಳು ಬೇಗ ಸಿಕ್ಕಿದ್ದವು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ಸುಮಾರು 30 ಪರ್ಸೆಂಟ್ ಕಡಿಮೆ. ಚಿಕ್ಕವರಲ್ಲಿ ಅಷ್ಟು ಲಾಭ ಕಾಣಲಿಲ್ಲ.

ಇದನ್ನು ತಿಳಿದ ದಿನ ನನ್ನ ಹಳದಿ-ಕುಂಕಿನ ಪಟ್ಟಿ ತೆಗೆದು ನೋಡಿದೆ. ಸುವಾಸಿನಿಯರನ್ನು ಮಾತ್ರ ಕರೆಯುವ ಪದ್ಧತಿ ಅಲ್ವಾ? ಹಾಗಾಗಿ ಪಟ್ಟಿ ತುಂಬ ಮೂವತ್ತು-ನಲವತ್ತರವರು. 50 ದಾಟಿದವರಲ್ಲಿ ಗಂಡ ಹೋದವರೆಲ್ಲ ಹೊರಗೆ. ಯಾರಿಗೆ ಚೀಟಿ ಹೆಚ್ಚು ಬೇಕೋ ಅವರಿಗೇ ಬಾಗಿಲು ಹಾಕಿದ ಹಾಗೆ. ಈಗ ಎಲ್ಲರನ್ನೂ ಕರೆಯುತ್ತೇನೆ. ಮೊದಲ ವರ್ಷ ಇಬ್ಬರು ಮುಖ ಗಂಟು ಹಾಕಿಕೊಂಡು ಹೋದರು. ಮರುವರ್ಷ ಅವರಲ್ಲಿ ಒಬ್ಬರು ತಮ್ಮ ಅತ್ತೆಯನ್ನು ಕರೆದುಕೊಂಡೇ ಬಂದರು. ಅತ್ತೆ ಬಾಗಿಲಲ್ಲೇ ನಿಂತು "ನಾನು ಒಳಗೆ ಬರಬಹುದಾ?" ಅಂತ ಕೇಳಿದ್ದು ಈಗಲೂ ಕಿವಿಯಲ್ಲಿದೆ.

ದಿನ ಆರಿಸುವುದಿದ್ದರೆ ರಥಸಪ್ತಮಿ ಹತ್ತಿರದ್ದು ಆರಿಸಿ. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. 2025ರಲ್ಲಂತೂ ರಥಸಪ್ತಮಿ ಅದೇ ದಿನ ಬಿದ್ದಿತ್ತು.

ಅಡಿಕೆ

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ನಾನು ಓದಿದ್ದು, ಮದುವೆಯಾದದ್ದು ಎಲ್ಲ ಅಪ್ಪನ ತೋಟದ ಅಡಿಕೆ ದುಡ್ಡಿನಲ್ಲಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2004ರ ವರದಿಯಲ್ಲೇ ಹೇಳಿದ್ದಾರೆ, ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಎಲೆ-ಅಡಿಕೆ ಕೊಟ್ಟರೆ ಹೇಗಿರುತ್ತದೆ? ಎರಡು ವರ್ಷದಿಂದ ತಾಂಬೂಲಕ್ಕೆ ಎಲೆಯ ಮೇಲೆ ಬಾಳೆಹಣ್ಣು ಇಡುತ್ತೇನೆ. ಒಂದು ಅಡಿಕೆ ದೇವರ ಮುಂದೆ ಇರುತ್ತದೆ, ಅಲ್ಲೇ ಇರುತ್ತದೆ. ಆಯಿ ಫೋನಿನಲ್ಲಿ "ಅಡಿಕೆ ಇಲ್ಲದೆ ತಾಂಬೂಲ ಎಂತದ್ದೇ?" ಎಂದಳು. ಅಪ್ಪ ಏನೂ ಹೇಳಲಿಲ್ಲ. ಅವನಿಗೆ ಇನ್ನೂ ಬೇಸರ ಇದೆ, ನನಗೆ ಗೊತ್ತು.

ಗಂಡಸರಿಗೆ ಚೀಟಿ ತಲುಪಿಸಲು ಕಿರಾಣಿ ಅಂಗಡಿಯೇ ಸರಿ. ನಮ್ಮ ದೇಶದ ಗಂಡಸರಲ್ಲಿ ಬಾಯಿ ಕ್ಯಾನ್ಸರೇ ಎಲ್ಲಕ್ಕಿಂತ ಜಾಸ್ತಿ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧ ಇದೆ, ಆದರೂ ಎಲ್ಲಿ ಸಿಗುತ್ತದೆ ಅಂತ ಗಲ್ಲಿಯ ಹುಡುಗರಿಗೆಲ್ಲ ಗೊತ್ತು. ಕುಂದಾಪುರ ಕಡೆಯವರ ಅಂಗಡಿಯೊಂದಿದೆ ನಮ್ಮ ಮೂಲೆಯಲ್ಲಿ. "ಸಿಗರೇಟು ಮಾರುವವನೇ ಇದನ್ನು ಅಂಟಿಸೂದಾ ಅಕ್ಕಾ?" ಅಂತ ನಕ್ಕರು. ಕೊನೆಗೆ ಅಂಟಿಸಿದರು, ಸಿಗರೇಟಿನ ಡಬ್ಬದ ಪಕ್ಕದಲ್ಲೇ. ಅದರಲ್ಲಿ ಎರಡೇ ಸಾಲು. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತೋರಿಸಿ. ಬಿಡಬೇಕೆಂದಿದ್ದರೆ 1800-11-2356, ಸರ್ಕಾರದ ಉಚಿತ ನಂಬರು. ಸಿಗರೇಟು ಪ್ಯಾಕಿನ ಮೇಲೂ ಇದೇ ಇರುತ್ತದೆ, ಆದರೆ ಪ್ಯಾಕಿನ ಚಿತ್ರ ಯಾರೂ ನೋಡುವುದಿಲ್ಲ.

ಹೊಲಿಯುವವರಿಗೆ

ನೀವೂ ಟೇಲರ್ ಆಗಿದ್ದರೆ ಇದನ್ನು ಕಲಿತಿಡಿ. ಆಪರೇಷನ್ ಮಾಡಿ ಒಂದು ಬದಿಯ ಸ್ತನ ತೆಗೆದ ಹೆಂಗಸರಿಗೆ ಬ್ಲೌಸು ಹೊಲಿಯುವುದು. ಆ ಜಾಗದಲ್ಲಿ ಇಟ್ಟುಕೊಳ್ಳಲು ಅಂಗಡಿಯಲ್ಲಿ ಸಿಗುವ ಸಿಲಿಕೋನಿನ ಕೃತಕ ಸ್ತನ ಎಲ್ಲರಿಗೂ ಎಟುಕುವುದಿಲ್ಲ. ಗಾಯ ಪೂರ್ತಿ ಮಾಗಿ ಡಾಕ್ಟರು ಹೂಂ ಎಂದ ಮೇಲೆಯೇ ಅಳತೆ ತೆಗೆಯಿರಿ.

ಹುಕ್ಸು ಮುಂದೆಯೇ ಇರಲಿ. ಹಿಂದೆ ಕೈ ಹೋಗುವುದಿಲ್ಲ. ಆ ಬದಿಯ ಆರ್ಮ್‌ಹೋಲು ಮತ್ತು ತೋಳು ಸಡಿಲ ಇರಬೇಕು, ಕೆಲವರಿಗೆ ಆ ಕೈ ಬಾತುಕೊಳ್ಳುತ್ತದೆ. ಹೊಲಿಗೆಯಂಚು ಜಾಸ್ತಿ ಬಿಡಿ, ಆಮೇಲೆ ಬಿಚ್ಚಲು ಬರುತ್ತದೆ. ಒಳಗೆ ತೊಳೆದು ಮೆತ್ತಗಾದ ಹತ್ತಿ ಬಟ್ಟೆಯ ಲೈನಿಂಗು, ಅದರಲ್ಲಿ ಮೇಲಿಂದ ಬಾಯಿರುವ ಜೇಬು. ಜೇಬಿಗೆ ಒಂದು ಸಣ್ಣ ದಿಂಬು ಹೊಲಿಯಬೇಕು. ಬರೀ ಹತ್ತಿ ತುಂಬಿದರೆ ಹಗುರಾಗಿ ಬ್ಲೌಸು ಆ ಬದಿ ಮೇಲೇರುತ್ತದೆ. ಅಕ್ಕನಿಗೆ ಮೊದಲು ಹೊಲಿದದ್ದು ಹಾಗೇ ಆಗಿತ್ತು, ಮದುವೆ ಮನೆಯಲ್ಲಿ ಇಡೀ ದಿನ ಸೆರಗು ಎಳೆದುಕೊಳ್ಳುತ್ತಿದ್ದಳು. ಈಗ ಕೆಳಭಾಗದಲ್ಲಿ ಒಂದು ಹಿಡಿ ಸಾಸಿವೆಯನ್ನು ಬೇರೆ ಚೀಲದಲ್ಲಿ ಹೊಲಿದು ಇಡುತ್ತೇನೆ. ಭಾರ ಸರಿಯಾಗಿ ಕೂರುತ್ತದೆ. ಒಗೆಯುವ ಮೊದಲು ದಿಂಬು ತೆಗೆಯಬೇಕು ಅಂತ ಹೇಳಲು ಮರೆಯಬೇಡಿ. ಒಬ್ಬರು ಮರೆತು ನೆನೆಸಿದರು. ಸಾಸಿವೆ ಮೊಳಕೆ ಬಂತು. ಅವರೇ ಬಂದು ತೋರಿಸಿ, ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಜೇಬಿಗೂ ದಿಂಬಿಗೂ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಬ್ಲೌಸಿನ ಕೂಲಿ ಮಾತ್ರ.

ಇನ್ನು ಅಳತೆ ತೆಗೆಯುವಾಗ ಯಾರಾದರೂ "ಒಂದು ಬದಿ ಸಡಿಲ ಬಿಡಿ" ಅಂದರೆ ಟೇಪು ಕೆಳಗಿಡುತ್ತೇನೆ. ಬಾಗಿಲು ಮುಂದೆ ಮಾಡಿ, "ಯಾಕೆ?" ಅಂತ ಕೇಳುತ್ತೇನೆ. ಬಹಳ ಸಲ ಏನೂ ಇರುವುದಿಲ್ಲ, ಹಳೇ ಬ್ಲೌಸು ಆ ಕಡೆ ಬಿಗಿಯಾಗಿತ್ತು ಅಷ್ಟೇ. ಹೋದ ವರ್ಷ ಒಬ್ಬರು ಉತ್ತರ ಕೊಡದೆ ನನ್ನ ಮುಖ ನೋಡಿದರು. ಮರುದಿನ ಅವರ ಜೊತೆ ಓಪಿಡಿ ಸಾಲಿನಲ್ಲಿ ನಾನೂ ನಿಂತೆ. ಗಂಟು ಸಾದಾ ಗಂಟು. ಬರುವಾಗ ದಾರಿಯಲ್ಲಿ ವಡಾಪಾವ್ ಕೊಡಿಸಿದರು.

ಈ ಸಲದ ಆರ್ಡರು ಐವತ್ತೆರಡು. ಬಟವೆ ಮೂವತ್ತಾಗಿವೆ. ಚೀಟಿ ಕತ್ತರಿಸುವ ಕೆಲಸ ಅಕ್ಕನದು, ಅವಳ ಕತ್ತರಿ ನನ್ನದಕ್ಕಿಂತ ನೇರ ಹೋಗುತ್ತದೆ.